ಲೈವ್ ಬ್ಯಾಂಡು ಅಂದ್ರೆ ಅದಲ್ಲಪ್ಪಾ

ಬೆಂಗಳೂರಲ್ಲಿ ಪಂಕ್ ಯಾವತ್ತೂ ದೊಡ್ಡ ಸಂಗತಿ ಆಗಿರಲಿಲ್ಲ. ಇದು ಮೆಟಲ್ ಊರು. 2007ರ ಮಾರ್ಚಲ್ಲಿ ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದಾಗ ಕಪ್ಪು ಟೀ ಶರ್ಟಿನವರು ಎಲ್ಲೆಲ್ಲಿಂದಲೋ ರೈಲು ಹತ್ತಿಕೊಂಡು ಬಂದಿದ್ರು. 2011ರ ಅಕ್ಟೋಬರಲ್ಲಿ ಮೆಟಾಲಿಕಾ ಬಂದಾಗ್ಲೂ ಅದೇ ಕತೆ. ಇಲ್ಲೇ ಹುಟ್ಟಿದ ಕ್ರಿಪ್ಟೋಸ್ ಯೂರೋಪಿಗೆ ಹೋಗಿ ನುಡಿಸಿ ಬಂತು. ಪಂಕ್‌ನವರು ಮಾತ್ರ, ನಾನು ಕಂಡ ಹಾಗೆ, ಸಂಜೆಯ ಮೊದಲ ಇಪ್ಪತ್ತು ನಿಮಿಷ, ಬಂದವರು ಇನ್ನೂ ಬೈಕ್ ನಿಲ್ಲಿಸೋಕೆ ಜಾಗ ಹುಡುಕ್ತಿರುವಾಗಲೇ ನುಡಿಸಿ ಇಳಿದುಬಿಡೋರು. ಮೂವತ್ತು ಜನ ಸೇರಿದ್ರೆ ಹಬ್ಬ. ಆ ಮೂವತ್ತರಲ್ಲಿ ಅರಸೀಕೆರೆ ತಾಲೂಕಿನ ಹಳ್ಳಿಯವನು ಒಬ್ಬನೇ, ಅದು ನಾನು.

ಇದು ನನಗೆ ಅಂಟಿಕೊಂಡದ್ದು ಬಿಇ ಓದುವಾಗ, ಹಾಸ್ಟೆಲ್ಲಲ್ಲಿ. ಸೀನಿಯರ್ ಒಬ್ಬರ ಹತ್ರ 40 ಜಿಬಿ ಹಾರ್ಡ್ ಡಿಸ್ಕ್ ಇತ್ತು. ಅದರೊಳಗೆ ಸಿನಿಮಾ, ಹಳೇ ಪ್ರಶ್ನೆಪತ್ರಿಕೆ, ಹೇಳಬಾರದ್ದು, ಹೇಳಬಹುದಾದ್ದು ಎಲ್ಲಾ ಇದ್ವು. ಒಂದು ಮೂಲೆಯಲ್ಲಿ ರಮೋನ್ಸ್ ಅನ್ನೋ ಹೆಸರಿನ ಫೋಲ್ಡರ್. ಅವರ ಮೊದಲ ಆಲ್ಬಂ, 1976ರದ್ದು. ಹದಿನಾಲ್ಕು ಹಾಡು, ಎಲ್ಲಾ ಸೇರಿಸಿದ್ರೂ ಅರ್ಧ ಗಂಟೆ ಇಲ್ಲ. ರೆಕಾರ್ಡಿಂಗಿಗೆ ಆದ ಖರ್ಚು ಸುಮಾರು 6,400 ಡಾಲರ್ ಅಂತೆ. ಆ ಕಾಲದ ದೊಡ್ಡ ರಾಕ್ ಬ್ಯಾಂಡುಗಳ ಲೆಕ್ಕದಲ್ಲಿ ಅದು ಚಿಲ್ಲರೆ ದುಡ್ಡು.

ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಹಾಸ್ಟೆಲ್ಲಲ್ಲಿ ಬೇರೆಯವರು ಇಂಗ್ಲಿಷ್ ಹಾಡು ಹಾಕಿ ತಲೆ ಆಡಿಸ್ತಿದ್ರೆ ನಾನೂ ಆಡಿಸ್ತಿದ್ದೆ, ಏನು ಹೇಳ್ತಿದಾರೆ ಅಂತ ಒಂದಕ್ಷರ ಗೊತ್ತಾಗದೆ. ಈ ಆಲ್ಬಂನಲ್ಲಿ ಒಂದು ಹಾಡಿಗೆ ಹೆಚ್ಚಂದ್ರೆ ನಾಲ್ಕೈದು ಸಾಲು, ಅದನ್ನೇ ತಿರುಗಾಮುರುಗಾ ಕೂಗ್ತಾರೆ. ಜೀವನದಲ್ಲಿ ಮೊದಲ ಸಲ ಒಂದು ಇಂಗ್ಲಿಷ್ ಹಾಡು ಪೂರ್ತಿ ಅರ್ಥ ಆಯ್ತು ಕಣ್ರೀ. ಅದು ಎಂಥಾ ಖುಷಿ ಅನ್ನೋದು ಕಾನ್ವೆಂಟಲ್ಲಿ ಓದಿದವರಿಗೆ ತಿಳಿಯಲ್ಲ. ಪಕ್ಕದ ರೂಮಿನವನ ಗಿಟಾರಲ್ಲಿ ಎರಡು ಬೆರಳು ಒತ್ತಿ ಹಿಡಿದು ಮೇಲೆ ಕೆಳಗೆ ಜಾರಿಸಿದ್ರೆ ಅರ್ಧ ಹಾಡು ಬಂದೇಬಿಡ್ತಿತ್ತು.

ಆಮೇಲೆ ಓದಿ ತಿಳ್ಕೊಂಡೆ, ಅದು ಬರ್ಬೇಕು ಅಂತಲೇ ಹಾಗೆ ಮಾಡಿದ್ದು ಅಂತ. ಎಪ್ಪತ್ತರ ದಶಕದ ನಡುವಿಗೆ ರಾಕ್ ಅನ್ನೋದು ಹತ್ತು ನಿಮಿಷದ ಸೋಲೋ, ಲಾರಿಗಟ್ಟಲೆ ಸಾಮಾನು, ಆಕಾಶದಲ್ಲಿ ಕೂತ ದೇವರುಗಳು ಅನ್ನೋ ಹಂತ ಮುಟ್ಟಿತ್ತು. 1977ರಲ್ಲಿ ಇಂಗ್ಲೆಂಡಿನ ಒಂದು ಪುಟಾಣಿ ಪತ್ರಿಕೆ, ಅಂದ್ರೆ ಅಭಿಮಾನಿಗಳೇ ಕೈಯಲ್ಲಿ ಬರೆದು ಹಂಚೋ ಅಂಥದ್ದು, ಮೂರು ಕಾರ್ಡ್‌ಗಳ ಚಿತ್ರ ಬರೆದು, ಇಷ್ಟು ಸಾಕು, ಹೋಗಿ ಬ್ಯಾಂಡ್ ಕಟ್ಟಿ ಅಂತ ಹೇಳಿತ್ತು. ಅದೇ ವರ್ಷ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಹುಡುಗರು ಮನೆಯವರು, ಸ್ನೇಹಿತರ ಹತ್ರ ಐನೂರು ಪೌಂಡ್ ಸಾಲ ಎತ್ತಿ ತಮ್ಮ ನಾಲ್ಕು ಹಾಡಿನ ರೆಕಾರ್ಡನ್ನ ತಾವೇ ಅಚ್ಚು ಹಾಕಿಸಿದ್ರು. ಯಾವ ಕಂಪನಿಯನ್ನೂ ಕೇಳಲಿಲ್ಲ. ನಮ್ಮ ಆಫೀಸಿನ ಭಾಷೇಲಿ ಹೇಳೋದಾದ್ರೆ, ಅಪ್ರೂವಲ್ ಇಲ್ಲದೆ ಸೀದಾ ಪ್ರೊಡಕ್ಷನ್ನಿಗೆ ಹಾಕಿದ್ದು.

ಇಷ್ಟೆಲ್ಲ ತಲೇಲಿ ತುಂಬ್ಕೊಂಡು 2008ರಲ್ಲಿ ನನ್ನ ಮೊದಲ ಪಂಕ್ ಶೋಗೆ ಹೋದೆ. ಇಂದಿರಾನಗರದ ಒಂದು ಪಬ್ಬು. ಬಾಗಿಲಲ್ಲಿ ಬೌನ್ಸರ್ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದ.

"ಸಾರ್, ಚಪ್ಪಲಿ ಅಲೋ ಇಲ್ಲ."

ಒಳ್ಳೇ ಚರ್ಮದ ಚಪ್ಪಲಿ, ತಿಪಟೂರಲ್ಲಿ ಕೊಂಡಿದ್ದು. ಮೈಮೇಲೆ ಹರಿದ ಜೀನ್ಸು ಹಾಕ್ಕೊಂಡವರು ಸಲೀಸಾಗಿ ಒಳಗೆ ಹೋಗ್ತಾ ಇದಾರೆ. ಹರಿದದ್ದನ್ನ ದುಡ್ಡು ಕೊಟ್ಟು ತಗೊಂಡಿದ್ರೆ ಅಡ್ಡಿ ಇಲ್ಲ, ಕಾಲ್ಬೆರಳು ಮಾತ್ರ ಕಾಣಬಾರದು. ಅದೂ ಎಲ್ಲಿ? ಸೇಫ್ಟಿ ಪಿನ್ನು ಚುಚ್ಚಿಕೊಂಡು ರಾಣಿಯನ್ನೇ ಬೈದವರ ಸಂಗೀತ ಕೇಳೋ ಜಾಗದಲ್ಲಿ! ಬೌನ್ಸರ್ ಮಾತಿನ ದಾಟಿ ಕೇಳಿ "ಯಾವೂರಣ್ಣ?" ಅಂದೆ. ಮದ್ದೂರು ಕಡೆ. ಆಮೇಲೆ ಅವನೇ ಮೆಲ್ಲಗೆ ದಾರಿ ತೋರಿಸಿದ. "ಒಳಗೆ ನಿಮ್ ಫ್ರೆಂಡ್ ಇದ್ರೆ ಅವ್ರ ಶೂ ಈಸ್ಕಂಡು ಬನ್ನಿ ಸಾರ್. ಒಳಗ್ ಹೋದ್ಮೇಲೆ ಯಾರು ಕಾಲ್ ನೋಡ್ತಾರೆ? ನಂಗೂ ರೂಲ್ಸು."

ಮೊದಲೇ ಒಳಗೆ ಹೋಗಿದ್ದ ನನ್ನ ರೂಮ್‌ಮೇಟಿಗೆ ಫೋನ್ ಮಾಡಿದೆ. ಅವನು ಬೈತಾ ಬೈತಾ ಬಾಗಿಲಿಗೆ ಬಂದು ಶೂ ಕೊಟ್ಟ. ಅವನದು ಒಂಬತ್ತು, ನನ್ನದು ಏಳು. ಅವನು ಇಡೀ ಸಂಜೆ ಸಾಕ್ಸಲ್ಲಿ ಎತ್ತರದ ಸ್ಟೂಲ್ ಮೇಲೆ ಕಾಲು ಮಡಚಿಕೊಂಡು ಕೂತ. ನಾನು ಎರಡು ಸೈಜ್ ದೊಡ್ಡ ಶೂನಲ್ಲಿ ಪಿಟ್ಟಿಗೆ ಇಳಿದೆ.

ಪಿಟ್ ಅಂದ್ರೆ ಸ್ಟೇಜ್ ಮುಂದೆ ತಾನಾಗೇ ಆಗೋ ಒಂದು ಖಾಲಿ ವೃತ್ತ. ಹಾಡು ಜೋರಾದ ತಕ್ಷಣ ಅದರೊಳಗೆ ನುಗ್ಗಿ ಒಬ್ಬರಿಗೊಬ್ಬರು ಭುಜ ಗುದ್ದುತ್ತಾ ತಿರುಗೋದು. ದೂರದಿಂದ ನೋಡಿದವರಿಗೆ ಹೊಡೆದಾಟ. ಒಳಗಿದ್ದವರಿಗೆ ಗೊತ್ತು, ಅಲ್ಲಿ ಬರೆಯದ ಕಾನೂನು ಇದೆ. ಮುಷ್ಟಿ ಎತ್ತಬಾರದು. ಬೇಡ ಅಂತ ಅಂಚಲ್ಲಿ ನಿಂತವರನ್ನ ಎಳೀಬಾರದು. ಯಾರಾದ್ರೂ ಬಿದ್ರೆ ಎಲ್ಲಾ ನಿಂತು ಎತ್ತಬೇಕು. ಆ ಶೂ ದೆಸೆಯಿಂದ ನಾನು ಎರಡನೇ ಹಾಡಿಗೇ ಬಿದ್ದೆ. ಮೈ ನೆಲ ಮುಟ್ಟೋದಕ್ಕೆ ಮುಂಚೆ ನಾಲ್ಕು ಕೈ ಬಗಲಿಗೆ ಬಂದಿದ್ವು. ಕನ್ನಡಕ ಎಲ್ಲೋ ಹಾರಿತ್ತು. ಹಾಡು ಮುಗಿಯೋ ಹೊತ್ತಿಗೆ ಯಾರೋ ಅದನ್ನ ದೀಪದ ಬೆಳಕಿಗೆ ಎತ್ತಿ ಹಿಡ್ಕೊಂಡು "ಯಾರ್ದು, ಯಾರ್ದು" ಅಂತ ಹಿಂದೀಲಿ ಕೂಗ್ತಿದ್ದ. ನಾನು ಯಾವ ಕಾಲೇಜು, ಯಾವ ಕಂಪನಿ, ಇಂಗ್ಲಿಷ್ ಸರಿ ಬರುತ್ತಾ, ಯಾರೂ ಕೇಳಲಿಲ್ಲ. ಬೆಂಗಳೂರಿಗೆ ಬಂದು ಒಂದು ವರ್ಷ ಆಗಿತ್ತು. ನನ್ನನ್ನ ಏನೂ ಕೇಳದೇ ಮುಟ್ಟಿದ ಮೊದಲ ಜನ ಅವರು.

ಊರಹಬ್ಬದಲ್ಲಿ ತಮಟೆ ಮುಂದೆ ಕುಣಿಯೋದೂ ಹೀಗೇ ಅಲ್ವಾ ಅಂತ ನೀವು ಅನ್ನಬಹುದು. ಮೈ ಮಟ್ಟಿಗೆ ಹೌದು. ಆದ್ರೆ ನಮ್ಮೂರಲ್ಲಿ ತಮಟೆ ಹೊಡೆಯೋರು ಯಾರು, ಕುಣಿಯೋರು ಯಾರು, ಆಮೇಲೆ ಊಟಕ್ಕೆ ಯಾರು ಎಲ್ಲಿ ಕೂರ್ತಾರೆ ಅನ್ನೋದು ಹುಟ್ಟೋಕೆ ಮುಂಚೆ ತೀರ್ಮಾನ ಆಗಿರುತ್ತೆ. ಪಿಟ್ಟಲ್ಲಿ ಅದಿಲ್ಲ. ಹಾಗಂತ ಪಿಟ್ಟೇನು ಸ್ವರ್ಗ ಅಲ್ಲ, ಅಲ್ಲಿಗೆ ಬರೋ ಮುಂಚೆ ಬಾಗಿಲಲ್ಲಿ ಜರಡಿ ಹಿಡಿದು ಆಗಿರುತ್ತೆ. ಚಪ್ಪಲಿ ಒಂದು. ಮುನ್ನೂರು ರೂಪಾಯಿ ಎಂಟ್ರಿ ಇನ್ನೊಂದು. ಮೂರನೇದು ವಯಸ್ಸು.

ಈ ವಯಸ್ಸಿನ ವಿಷಯದಲ್ಲಿ ಅಮೆರಿಕದ ವಾಷಿಂಗ್ಟನ್ ಡಿಸಿ ಹುಡುಗರ ಕತೆ ನನಗೆ ಬಹಳ ಇಷ್ಟ. 1980ರಲ್ಲಿ ಟೀನ್ ಐಡಲ್ಸ್ ಅನ್ನೋ ಬ್ಯಾಂಡಿನ ಪಡ್ಡೆಗಳು ಕ್ಯಾಲಿಫೋರ್ನಿಯಾಕ್ಕೆ ನುಡಿಸೋಕೆ ಹೋದ್ರು. ಸ್ಯಾನ್ ಫ್ರಾನ್ಸಿಸ್ಕೋದ ಕ್ಲಬ್ಬಲ್ಲಿ ಕುಡಿಯೋ ವಯಸ್ಸಾಗಿಲ್ಲದವರನ್ನ ಆಚೆ ತಳ್ಳೋ ಬದಲು ಅವರ ಕೈ ಮೇಲೆ ಕಪ್ಪು ಶಾಯಿಯಲ್ಲಿ ದೊಡ್ಡ ಇಂಟು ಮಾರ್ಕ್ ಬರೆದು ಒಳಗೆ ಬಿಟ್ರು. ಮಾರ್ಕ್ ಇದ್ದವರಿಗೆ ಬಿಯರ್ ಇಲ್ಲ, ಸಂಗೀತ ಮಾತ್ರ. ಹುಡುಗರು ಆ ಉಪಾಯವನ್ನ ವಾಪಸ್ ತಮ್ಮೂರಿಗೆ ತಂದ್ರು. ಆಮೇಲೆ ಅದೇ ಗುರುತು ಕುಡಿಯಲ್ಲ, ಸೇದಲ್ಲ ಅನ್ನೋ ಪಂಕರ ಧ್ವಜ ಆಯ್ತು. ಆ ಬ್ಯಾಂಡಲ್ಲಿದ್ದ ಇಯಾನ್ ಮೆಕೈ ಮುಂದೆ ಫುಗಾಝಿ ಕಟ್ಟಿದಾಗ, ಎಲ್ಲಾ ವಯಸ್ಸಿನವರಿಗೂ ಪ್ರವೇಶ, ಟಿಕೆಟ್ ಐದು ಡಾಲರ್ ಆಸುಪಾಸು ಅಂತ ಹಟ ಹಿಡಿದ.

ನಮ್ಮಲ್ಲಿ ಅದು ಯಾಕಾಗಲಿಲ್ಲ ಅಂದ್ರೆ ಲೆಕ್ಕ ಸರಳ. ಬ್ಯಾಂಡಿಗೆ ಕೊಡೋ ದುಡ್ಡು ಬಿಯರ್ ಮಾರಿ ಬರೋದು. ಹಾಗಾಗಿ ಸಂಗೀತ ಇರೋದು ಬಾರಿನೊಳಗೆ. ಹದಿನಾರು ವರ್ಷದ ಹುಡುಗನಿಗೇ ಈ ಸಂಗೀತ ಬೇಕಾಗಿರೋದು, ಅವನಿಗೇ ಬಾಗಿಲು ಇಲ್ಲ. ಫ್ರೀಡಂ ಜಾಮ್ ತರದ ಬಯಲು ಕಾರ್ಯಕ್ರಮ ಇಲ್ಲದಿದ್ರೆ ಎಷ್ಟೋ ಹುಡುಗರಿಗೆ ಸ್ಟೇಜ್ ಅನ್ನೋದೇ ಕಾಣ್ತಿರಲಿಲ್ಲ.

ಈಗ ಅಪ್ಪನ ವಿಷಯಕ್ಕೆ ಬರ್ತೀನಿ.

ನೀವು ಬೆಂಗಳೂರಲ್ಲೇ ಹುಟ್ಟಿ ಇಂಗ್ಲಿಷ್ ಪೇಪರ್ ಓದೋರಾದ್ರೆ ಲೈವ್ ಬ್ಯಾಂಡ್ ಅಂದ್ರೆ ಗಿಟಾರು, ಡ್ರಮ್ಮು. ಕನ್ನಡ ಪೇಪರ್ ಓದೋ, ಕನ್ನಡ ನ್ಯೂಸ್ ಚಾನೆಲ್ ನೋಡೋ ಮನೆಯಲ್ಲಿ ಲೈವ್ ಬ್ಯಾಂಡ್ ಅಂದ್ರೆ ಅರ್ಥ ಒಂದೇ: ಡ್ಯಾನ್ಸ್ ಬಾರು. ಪೊಲೀಸ್ ದಾಳಿ, ಮುಖ ಮುಚ್ಚಿಕೊಂಡು ವ್ಯಾನ್ ಹತ್ತೋ ಹೆಣ್ಮಕ್ಕಳು, ನೋಟಿನ ಕಂತೆ. ನಮ್ಮ ದೊಡ್ಡಪ್ಪನ ಮಗ ಆರ್ಕುಟ್‌ನಲ್ಲಿ ನನ್ನ ಫೋಟೋ ನೋಡಿದ್ದಾನೆ. ಕತ್ತಲು, ಕೆಂಪು ಲೈಟು, ಹರಿದ ಶರ್ಟಲ್ಲಿ ನಾನು, ಅಡಿಯಲ್ಲಿ ರೂಮ್‌ಮೇಟ್ ಬರೆದಿದ್ದು 'ಲೈವ್ ಬ್ಯಾಂಡ್ ನೈಟ್'. ಸುದ್ದಿ ಊರು ಮುಟ್ಟೋಕೆ ಒಂದು ದಿನವೂ ಬೇಕಾಗಲಿಲ್ಲ. ಆ ಹೊತ್ತಿಗೆ ಸರಿಯಾಗಿ ತಂಗಿಗೆ ಕಡೂರು ಕಡೆಯ ಒಂದು ಸಂಬಂಧ ಕುದುರ್ತಾ ಇತ್ತು. ಗಂಡಿನ ಕಡೆಯವರು ವಿಚಾರಿಸಿಕೊಳ್ಳೋರಲ್ವಾ, ವಿಚಾರಿಸಿದ್ರು. "ಹುಡುಗಿ ಅಣ್ಣ ಬೆಂಗಳೂರಲ್ಲಿ ಲೈವ್ ಬ್ಯಾಂಡಿಗೆ ಹೋಗ್ತಾನಂತಲ್ಲ?"

ಅಪ್ಪ ಫೋನ್ ಮಾಡಲಿಲ್ಲ. ಶನಿವಾರ ಬೆಳಿಗ್ಗೆ ರೈಲಲ್ಲಿ ಬಂದು, ಬಿಟಿಎಮ್ ಲೇಔಟಿನ ನಮ್ಮ ರೂಮ್ ಬಾಗಿಲಲ್ಲಿ ಅರ್ಧ ಚೀಲ ತೆಂಗಿನಕಾಯಿ ಇಟ್ಕೊಂಡು ನಿಂತಿದ್ರು. ಕಾಫಿ ಕುಡಿಯೋವರೆಗೂ ಒಂದು ಮಾತಿಲ್ಲ. ಆಮೇಲೆ ಲೋಟ ಕೆಳಗಿಟ್ಟು, "ಏನ್ಲಾ ಅದು, ಲೈವ್ ಬ್ಯಾಂಡು?"

"ಅದಲ್ಲಪ್ಪಾ. ಅದು ಸಂಗೀತ. ಗಿಟಾರ್ ಹೊಡೀತಾರೆ, ಹಾಡ್ತಾರೆ. ಹೆಂಗಸರ ಡ್ಯಾನ್ಸೆಲ್ಲ ಇಲ್ಲ."

"ಮತ್ತೆ ಅಂಗಿ ಯಾಕ್ ಹರ್ದಿತ್ತು?"

ಇದಕ್ಕೆ ಏನು ಉತ್ತರ ಹೇಳ್ತೀರಿ? ಲ್ಯಾಪ್‌ಟಾಪ್ ತೆಗೆದು ರಮೋನ್ಸ್ ಹಾಕಿ ಹೆಡ್‌ಫೋನನ್ನ ಅವರ ಕಿವಿಗೆ ಇಟ್ಟೆ. ಅಪ್ಪ ಕಣ್ಣು ಮುಚ್ಚಿ, ದೇವಸ್ಥಾನದಲ್ಲಿ ಕೂತ ಹಾಗೆ ಕೂತು, ಎರಡು ನಿಮಿಷದ ಹಾಡನ್ನ ಪೂರ್ತಿ ಕೇಳಿದ್ರು. ತೆಗೆದಿಟ್ಟು ಹೇಳಿದ್ರು, "ಬೋರ್ ಕೊರಿಯೋ ಲಾರಿ ಸದ್ದಿದ್ದಂಗೈತೆ." ಸ್ವಲ್ಪ ಹೊತ್ತು ಬಿಟ್ಟು, "ಸದ್ದೇನೋ ಸರಿ. ನೀರ್ ಬಂತಾ?"

ರೂಮ್‌ಮೇಟ್ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ. ಆ ಬೇಸಿಗೆಯಲ್ಲಿ ನಮ್ಮ ತೋಟದಲ್ಲಿ ಎರಡು ಬೋರ್ ಕೊರೆಸಿ ಎರಡರಲ್ಲೂ ಬರೀ ಧೂಳು ಬಂದಿತ್ತು. ತೆಂಗಿನ ಸುಳಿ ಬಾಗ್ತಾ ಇತ್ತು. ನನ್ನ ಸಂಬಳದ ಅರ್ಧ ಆ ಸಾಲಕ್ಕೇ ಹೋಗ್ತಿತ್ತು. "ಒಂದ್ ಸಲಕ್ಕೆ ಎಷ್ಟು ಟಿಕೇಟು?" ಅಂದ್ರು. ಮುನ್ನೂರು ಅಂದೆ. "ನಾಕೈದ್ ಅಡಿ ಬೋರ್ ಇಳೀತದೆ ಕಣಪ್ಪಾ ಅಷ್ಟ್ರಲ್ಲಿ" ಅಂದ್ರು. ಹೋಗಬೇಡ ಅನ್ನಲಿಲ್ಲ. ಮಧ್ಯಾಹ್ನದ ಊಟ ಮುಗಿಸಿ ಸಂಜೆ ಗಾಡಿಗೆ ಹೊರಟೇಬಿಟ್ರು. ಆಮೇಲೆ ಎಷ್ಟೋ ದಿನ, ಪ್ರತಿ ಟಿಕೆಟ್ಟನ್ನೂ ನಾನು ಅಡಿಗಳಲ್ಲೇ ಲೆಕ್ಕ ಹಾಕ್ತಿದ್ದೆ.

ಕಡೂರಿನ ಸಂಬಂಧ ಮುರೀತು. ಲೈವ್ ಬ್ಯಾಂಡಿಂದಲೋ, ಜಾತಕದಿಂದಲೋ, ಅವರೂ ಹೇಳಲಿಲ್ಲ. ತಂಗಿ ಫೋನಲ್ಲಿ, "ಒಳ್ಳೇದಾಯ್ತು ಬಿಡಣ್ಣ, ಮದುವೆ ಆದ್ಮೇಲೆ ಸ್ಕೂಲ್ ಕೆಲ್ಸ ಬಿಡ್ಬೇಕು ಅಂತಿದ್ರು" ಅಂದ್ಲು. ಅವಳು ಈಗ್ಲೂ ಟೀಚರ್.

ಅಪ್ಪನ ಪ್ರಶ್ನೆ ಮಾತ್ರ ತಲೆಯಲ್ಲಿ ಉಳೀತು. ಈ ಸಂಗೀತದ ಸಿಟ್ಟು ಯಾರದ್ದು? ಕೆಲಸ ಸಿಗದ ಇಂಗ್ಲೆಂಡಿನ ಹುಡುಗರದ್ದು ಅಂತ ಪುಸ್ತಕ ಹೇಳುತ್ತೆ. ಇಂದಿರಾನಗರದ ಪಬ್ಬಿನಲ್ಲಿ ಅದನ್ನ ಕೂಗ್ತಾ ಇದ್ದವರು, ನನ್ನನ್ನೂ ಸೇರಿಸಿ, ಸೋಮವಾರ ಬೆಳಿಗ್ಗೆ ಕ್ಯಾಬ್ ಹತ್ತೋರು. ಬ್ಯಾಂಡುಗಳೂ ಅಷ್ಟೆ. ಬಾಸ್ ನುಡಿಸೋನಿಗೆ ಆನ್‌ಸೈಟ್ ಬಂದ್ರೆ ಬ್ಯಾಂಡ್ ಮುಗೀತು. ಜಗಳ, ಕುಡಿತದಿಂದ ಒಡೆದ ಬ್ಯಾಂಡುಗಳ ಕತೆ ಅಮೆರಿಕದಲ್ಲಿ ಕೇಳ್ತೀವಿ. ನಾನು ಇಲ್ಲಿ ನೋಡಿದ ಬ್ಯಾಂಡುಗಳನ್ನ ಒಡೆದದ್ದು ಎಚ್-1ಬಿ ವೀಸಾ.

ಇನ್ನೊಂದು ವಿಷಯ ಹೊಳೆದದ್ದು ಬಹಳ ತಡವಾಗಿ. ರಮೋನ್ಸ್ ಆಲ್ಬಂ 1976ರದ್ದು ಅಂದೆನಲ್ಲ, ಅದರ ಹಿಂದಿನ ವರ್ಷ, 1975ರಲ್ಲಿ, ಕನ್ನಡದಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಿತ್ತು. ಸಮುದಾಯ ತಂಡ ಶುರುವಾಗಿದ್ದೂ ಅದೇ ವರ್ಷ. ಅರಸೀಕೆರೆ ಬಸ್ ಸ್ಟ್ಯಾಂಡ್ ಹತ್ರ ಸಂಘದವರು ತಮಟೆ ಹಿಡಿದು ಹೋರಾಟದ ಹಾಡು ಹೇಳೋದನ್ನ ನಾನು ಚಿಕ್ಕವನಿದ್ದಾಗ ಕೇಳಿದ್ದೆ. ಮೈಕಿಲ್ಲ. ಎರಡು ಸಲ ಕೇಳಿದ್ರೆ ಯಾರು ಬೇಕಾದ್ರೂ ಸೇರಿ ಹಾಡಬಹುದಾದ ಧಾಟಿ. ಕಂಠ ಚೆನ್ನಾಗಿರಬೇಕು ಅಂತಲೂ ಇಲ್ಲ. ಸಿಟ್ಟು ಯಾರದ್ದು ಅಂತ ಕೇಳೋ ಅಗತ್ಯವೇ ಅಲ್ಲಿರಲಿಲ್ಲ. ಎರಡೂ ಒಂದೇ ಅಂತ ನಾನು ಹೇಳಲ್ಲ. ಅವರು ಹಾಡಿದ್ದು ಬದುಕೋಕೆ, ನಾವು ಹಾರಿದ್ದು ವೀಕೆಂಡಿಗೆ. ಆದ್ರೆ ಮೂರು ಕಾರ್ಡ್ ಸಾಕು ಅನ್ನೋದನ್ನ ಲಂಡನ್ನಿಂದ ಕಲೀಬೇಕಾದ ದರ್ದು ನನಗಿರಲಿಲ್ಲ, ಕಲಿತದ್ದು ಅಲ್ಲಿಂದ, ಅಷ್ಟೆ.

2016ರಲ್ಲಿ ಪರಿಚಯದ ಹುಡುಗರ ಒಂದು ಬ್ಯಾಂಡು ಕನ್ನಡದಲ್ಲಿ ಹಾಡ್ಬೇಕು ಅಂತ ಹೊರಡ್ತು. ಜಯನಗರದ ಡ್ರಮ್ಮರ್, ಮಲಯಾಳಿ ಗಿಟಾರಿಸ್ಟ್, ಚಿಕ್ಕಪೇಟೆಯ ಮಾರ್ವಾಡಿ ಹುಡುಗ ಬಾಸು. ಮೂವರಿಗೂ ಕನ್ನಡ ಬರುತ್ತೆ, ಬರೆಯೋಕೆ ಧೈರ್ಯ ಇಲ್ಲ. "ಗುರು, ನೀನು ಹಳ್ಳಿಯೋನು, ನೀನೇ ಬರೀ" ಅಂದ್ರು. ರಘು ದೀಕ್ಷಿತ್ ಶರೀಫರ ಪದಗಳನ್ನ ಗಿಟಾರಿಗೆ ಕೂರಿಸಿ ಆಗಲೇ ಎಂಟು ವರ್ಷ ಆಗಿತ್ತು, ಕನ್ನಡ ಈ ಸಂಗೀತಕ್ಕೆ ಒಗ್ಗಲ್ಲ ಅನ್ನೋ ಮಾತು ಸತ್ತಿತ್ತು. ಆದ್ರೆ ಪಂಕಿಗೆ ಬೇರೆ ತರದ ತೊಡಕು ಇದೆ. ಇಂಗ್ಲಿಷಿನ ಪದಗಳು ಬಹಳಷ್ಟು ವ್ಯಂಜನಕ್ಕೆ ಟಕ್ ಅಂತ ನಿಲ್ತವೆ, ಬಾಗಿಲು ಬಡಿದ ಹಾಗೆ. ನಮ್ಮ ಬರಹದ ಕನ್ನಡದ ಪದ ಸ್ವರದಲ್ಲಿ ಕೊನೆಯಾಗುತ್ತೆ, ಎಳೆಯುತ್ತೆ. 'ಕೊಡುವುದಿಲ್ಲ' ಅನ್ನೋವಷ್ಟರಲ್ಲಿ ಡ್ರಮ್ಮು ಮುಂದಿನ ಸಾಲಿಗೆ ಹೋಗಿರುತ್ತೆ. ಎರಡು ವಾರ ಒದ್ದಾಡಿದೆ. ಕೊನೆಗೆ ಹೊಳೆದದ್ದು ನಮ್ಮೂರ ಮಾತು. ಅದು ಬಾಲ ಎಲ್ಲಾ ಕತ್ತರಿಸಿ ಹಾಕಿರುತ್ತೆ. ಕೊಡಲ್ಲ. ಬರಲ್ಲ. ಏನ್ಲಾ. ನೀರ್ ಬಂತಾ.

ಹಾಡು ಅದೇ ಆಯ್ತು. ಒಂದು ನಿಮಿಷ ಐವತ್ತು ಸೆಕೆಂಡು. ಬೋರ್ ಲಾರಿ, ಬಡ್ಡಿ, ಧೂಳು, ನಡುನಡುವೆ ನಾಲ್ಕು ಸಲ 'ನೀರ್ ಬಂತಾ'. ಮಲಯಾಳಿ ಹುಡುಗನೇ ಹಾಡಿದ್ದು, ನಮ್ಮೆಲ್ಲರಿಗಿಂತ ಚೆನ್ನಾಗಿ ಅವನಿಗೇ 'ಳ' ಬರ್ತಿತ್ತು. ಮೊದಲ ಸಲ ನುಡಿಸಿದಾಗ ಪಿಟ್ಟಲ್ಲಿದ್ದವರು ಹದಿನೈದು ಜನ, ಅರ್ಧದಷ್ಟು ಜನಕ್ಕೆ ಕನ್ನಡ ಬರಲ್ಲ. ನಾನು ಅವರನ್ನ ನೋಡ್ತಿರಲಿಲ್ಲ. ಎರಡನೇ ಸಲದ 'ನೀರ್ ಬಂತಾ'ಗೆ ಆರ್ಡರ್ ತಗೊಳ್ತಿದ್ದ ಹುಡುಗ ತಿರುಗಿ ನೋಡಿದ. ಮೂರನೇದಕ್ಕೆ ಟ್ರೇಯನ್ನ ಕೌಂಟರ್ ಮೇಲಿಟ್ಟ. ನಾಲ್ಕನೇದಕ್ಕೆ "ಇಲ್ಲಾ!" ಅಂತ ಕೂಗಿದ. ಹಾಡಲ್ಲಿ ಉತ್ತರ ಇರಲಿಲ್ಲ, ನಾನು ಬರೆದಿರಲಿಲ್ಲ. ಮುಂದಿನ ಶೋನಿಂದ ಅದನ್ನೂ ಸೇರಿಸಿದ್ರು. ಶಿರಾ ಕಡೆಯವನಂತೆ ಅವನು, ಆಮೇಲೆ ಮಾತಾಡಿಸಿದೆ. ಅವರ ಮನೇಲಿ ನಾಲ್ಕು ಬೋರ್ ಕೊರೆಸಿದ್ರಂತೆ.

ಹಾಗೆ ಒಟ್ಟು ಆರು ಸಲ ನುಡಿಸಿರಬಹುದು. ಆಮೇಲೆ 2018 ಬಂತು. ಪಬ್ಬುಗಳಲ್ಲಿ ಲೈವ್ ಬ್ಯಾಂಡಿಗೆ ಪ್ರತ್ಯೇಕ ಲೈಸೆನ್ಸ್ ಬೇಕು ಅನ್ನೋ 2005ರ ಆದೇಶವನ್ನ ಸುಪ್ರೀಂ ಕೋರ್ಟ್ ಆ ಜನವರಿಯಲ್ಲಿ ಎತ್ತಿಹಿಡೀತು. ಆದೇಶದ ಹಿಂದೆ ಇದ್ದದ್ದು ಡ್ಯಾನ್ಸ್ ಬಾರಿನ ಚಿಂತೆ, ಏಟು ಬಿದ್ದದ್ದು ಗಿಟಾರಿನವರಿಗೂ. ಕೆಲವೇ ತಿಂಗಳಲ್ಲಿ ಇಂದಿರಾನಗರದ ಎಷ್ಟೋ ಕಡೆ ಸಂಗೀತ ನಿಂತುಹೋಯ್ತು. ನಮ್ಮ ಅಪ್ಪನಿಗೂ ಸರ್ಕಾರಕ್ಕೂ ಲೈವ್ ಬ್ಯಾಂಡ್ ಅಂದ್ರೆ ಒಂದೇ ಅರ್ಥ. ಅಪ್ಪ ಕನಿಷ್ಠ ಪಕ್ಷ ಹೆಡ್‌ಫೋನ್ ಹಾಕ್ಕೊಂಡು ಕೇಳಿ ನೋಡಿದ್ರು.

ಈ ನಡುವೆ ಹೊಸ ಹುಡುಗರು ಕನ್ನಡದಲ್ಲಿ ರ‍್ಯಾಪ್ ಮಾಡ್ತಾ ಇದಾರೆ. ಅವರಿಗೆ ಪಬ್ಬೂ ಬೇಡ, ಡ್ರಮ್ಮೂ ಬೇಡ, ಒಂದು ಫೋನು ಸಾಕು. ಪಂಕ್ ಇಲ್ಲಿ ಮಾಡಬೇಕಿದ್ದ ಕೆಲಸವನ್ನ ಅವರೇ ಮಾಡಿಬಿಟ್ರು ಅಂತ ನನಗನ್ನಿಸುತ್ತೆ. ನನಗೆ ರ‍್ಯಾಪ್ ಅಷ್ಟಾಗಿ ಹಿಡಿಸಲ್ಲ, ಅದು ಬೇರೆ ಮಾತು, ವಯಸ್ಸಾಯ್ತು.

ನಮ್ಮ ಡ್ರಮ್ಮರ್ ಈಗ ಟೊರಾಂಟೊದಲ್ಲಿದ್ದಾನೆ. ಡಿಸೆಂಬರಲ್ಲಿ ಹದಿನೈದು ದಿನ ರಜೆಗೆ ಬರ್ತಾನಂತೆ. ಬನಶಂಕರಿ ಕಡೆ ಒಂದು ಜಾಮ್ ರೂಮ್ ಮಾತಾಡಿಟ್ಟಿದ್ದೀನಿ, ಗಂಟೆಗೆ ನಾನೂರು ರೂಪಾಯಿ. ಒಳಗೆ ಹತ್ತು ಜನ ಹಿಡಿಯಬಹುದು. ಬಿಯರ್ ಇರಲ್ಲ, ಎಂಟ್ರಿ ಇಲ್ಲ. ಮಕ್ಕಳನ್ನ ಕರ್ಕೊಂಡು ಬನ್ನಿ, ಕಿವಿಗೆ ಹತ್ತಿ ಇಟ್ಟು. ಚಪ್ಪಲಿಯನ್ನ ಹೊರಗೆ ಬಿಡಬೇಕು. ಎಲ್ಲರದ್ದೂ.